ಹೆಸರಿಗೆ ಹನ್ನೆರಡು ವೋಲ್ಟ್

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ದಿನವೂ ಕೈಯಲ್ಲಿರುವ ವಸ್ತು. ಅದರಲ್ಲಿ 12.4 ಎಂಬ ಅಂಕಿ ಮೂಡಿದಾಗ ಮಾತ್ರ ಈಗಲೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಾಸನದ ಕಡೆ ನಡೆದ ಅಂತರಶಾಲಾ ರೋಬೋಟಿಕ್ಸ್ ಸ್ಪರ್ಧೆಯೊಂದರಲ್ಲಿ ನಾನು ತಾಂತ್ರಿಕ ಪರಿಶೀಲನೆಯ ಮೇಜಿಗೆ ಕುಳಿತಿದ್ದೆ. ಫ್ಲೆಕ್ಸ್ ಮೇಲೆ ಮುದ್ರಿಸಿದ ಕಪ್ಪು ಗೆರೆಯನ್ನು ಹಿಡಿದು ಓಡುವ ಪುಟ್ಟ ರೋಬೋಟ್‌ಗಳ ಸ್ಪರ್ಧೆ ಅದು. ರೋಬೋಟ್ 30 ಸೆಂಟಿಮೀಟರ್ ಚೌಕದೊಳಗೆ ಕೂರುತ್ತದೆಯೇ ಎಂದು ನೋಡುವುದು, ತೂಕ ಹಾಕುವುದು, ಬ್ಯಾಟರಿ ಪರೀಕ್ಷಿಸುವುದು, ಇಷ್ಟು ನನ್ನ ಕೆಲಸ. ನಿಯಮಾವಳಿ ಇಂಗ್ಲಿಷಿನಲ್ಲಿ, ನಾಲ್ಕು ಪುಟಗಳಲ್ಲಿತ್ತು. ರೋಬೋಟಿನ ಯಾವುದೇ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಯಾವ ಹೊತ್ತಿನಲ್ಲೂ 12 ವೋಲ್ಟ್ ಮೀರಬಾರದು ಎಂಬ ಸಾಲು ಎರಡನೆಯ ಪುಟದಲ್ಲಿತ್ತು. ಎಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಿಗೆ ಹೋಗಿಬಂದವರಿಗೆ ಇಂಥ ಸಾಲು ಹೊಸದಲ್ಲ. ಒಂದು ಫೆಸ್ಟಿನ ಕಾಗದದಿಂದ ಇನ್ನೊಂದಕ್ಕೆ ಯಾರೂ ಹೆಚ್ಚು ಯೋಚಿಸದೆ ಇಳಿಸಿಕೊಳ್ಳುವ ಸಾಲು ಅದು.

ಒಳನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಿಂದ ಮೂವರು ಮಕ್ಕಳು ಬಂದಿದ್ದರು. ಅವರ ಶಾಲೆಗೆ ಕೇಂದ್ರ ಸರ್ಕಾರದ ಅನುದಾನದ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಪ್ರಯೋಗಶಾಲೆ ಬಂದು ಹೆಚ್ಚು ದಿನವಾಗಿರಲಿಲ್ಲ. ಪ್ರೋಗ್ರಾಮು ನಡೆಸುವ ಆರ್ಡುಯಿನೋ ಬೋರ್ಡು, ಮೋಟರುಗಳಿಗೆ ಕರೆಂಟು ಕೊಡುವ ಎಲ್298ಎನ್ ಡ್ರೈವರ್, ಹಳದಿ ಬಣ್ಣದ ಎರಡು ಸಣ್ಣ ಬಿಒ ಮೋಟರ್, ಮುಂದಕ್ಕೆ ಗೆರೆ ಗುರುತಿಸುವ ಐದು ಐಆರ್ ಸೆನ್ಸರ್, ಇವೆಲ್ಲವನ್ನೂ ರಟ್ಟಿನ ಬದಲು ಹಳೆಯ ಸ್ವಿಚ್ ಬೋರ್ಡಿನ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಕೂರಿಸಿದ್ದರು. ಬ್ಯಾಟರಿ ಎಂದರೆ ವೋಲ್ಟೇಜ್ ಕೂಡುವಂತೆ ಸಾಲಾಗಿ ಜೋಡಿಸಿದ 18650 ಮಾದರಿಯ ಮೂರು ಲಿಥಿಯಂ ಸೆಲ್‌ಗಳು. ನಾನು ಮೀಟರಿನ ಕಡ್ಡಿಗಳನ್ನು ತುದಿಗಳಿಗೆ ತಾಗಿಸಿದೆ. 12.4 ಬಂತು. ರೋಬೋಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಹುಡುಗ ಅಂಕಿಯನ್ನು ನನಗಿಂತ ಮೊದಲೇ ಓದಿದ್ದ. "ಇದು 11.1 ವೋಲ್ಟಿಂದು ಸರ್, ಒಂದಕ್ಕೆ 3.7 ಲೆಕ್ಕ," ಎಂದ. ನಾನು ನಿಯಮದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಇಳಿಸಿಕೊಂಡು ಬನ್ನಿ ಎಂದೆ.

ಅವರು ಮೂಲೆಯಲ್ಲಿ ಕುಳಿತು ರೋಬೋಟನ್ನು ಎತ್ತಿ ಹಿಡಿದು ಚಕ್ರಗಳನ್ನು ಗಾಳಿಯಲ್ಲಿ ತಿರುಗಿಸಲು ಶುರುಮಾಡಿದರು. ಇಪ್ಪತ್ತು ನಿಮಿಷದ ನಂತರ ಓಡಿಬಂದು ತೋರಿಸಿದಾಗ 12.2 ಇತ್ತು. ಮತ್ತೆ ಹೋದರು. ಮೋಟರ್ ತಿರುಗುತ್ತಿರುವಾಗ ಸೆಲ್ಲಿನ ವೋಲ್ಟೇಜ್ ಕೆಳಗಿಳಿಯುತ್ತದೆ, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಮೇಲೇರುತ್ತದೆ. ಇದನ್ನು ಮಕ್ಕಳಿಗೆ ಪಾಠ ಹೇಳುವವನೇ ನಾನು. ಅವರು ತಮ್ಮ ಹತ್ತಿರವಿದ್ದ ಸಣ್ಣ ಮೀಟರಿನಲ್ಲಿ 12.0 ನೋಡಿಕೊಂಡು ಸಭಾಂಗಣ ದಾಟಿ ನನ್ನ ಮೇಜಿಗೆ ಬರುವಷ್ಟರಲ್ಲಿ ಅದು 12.1 ಆಗಿರುತ್ತಿತ್ತು. ಮೂರನೆಯ ಸಲಕ್ಕೆ ನಾನು ಒಪ್ಪಿಗೆಯ ಚೀಟಿ ಅಂಟಿಸಿದೆ. ಅಷ್ಟರಲ್ಲಿ ಮೈಕಿನಲ್ಲಿ ಅವರ ತಂಡದ ಸಂಖ್ಯೆಯನ್ನು ಎರಡು ಸಲ ಕೂಗಿ ಆಗಿತ್ತು. ಎರಡು ಓಟಗಳಲ್ಲಿ ಒಂದು ಅವರ ಪಾಲಿಗೆ ಇಲ್ಲವಾಯಿತು. ಉಳಿದ ಒಂದೇ ಓಟದಲ್ಲಿ ರೋಬೋಟ್ ಮೂರನೆಯ ತಿರುವಿನಲ್ಲಿ ಗೆರೆ ಬಿಟ್ಟಿತು.

ಸಂಜೆ ಸಾಮಾನು ಕಟ್ಟುವಾಗ ಗೆದ್ದ ತಂಡದ ರೋಬೋಟ್ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಬ್ಯಾಟರಿ ಮುಚ್ಚಿದ ಲೆಡ್ ಆ್ಯಸಿಡ್ ಮಾದರಿಯದು. ಮೇಲೆ ದಪ್ಪ ಅಕ್ಷರದಲ್ಲಿ 12 ವೋಲ್ಟ್ ಎಂದು ಮುದ್ರಿಸಿತ್ತು. ಬೆಳಿಗ್ಗೆ ಆ ಅಕ್ಷರ ನೋಡಿ, ಮೀಟರ್ ಹಿಡಿಯದೆಯೇ ಚೀಟಿ ಅಂಟಿಸಿದ್ದೆ. ಈಗ ಸುಮ್ಮನೆ ಕಡ್ಡಿಗಳನ್ನು ತಾಗಿಸಿದೆ. ಇಡೀ ದಿನ ಓಡಿದ ಮೇಲೂ ಅದು 12.6 ತೋರಿಸಿತು.

ಹೆಸರು ಮತ್ತು ಅಳತೆ

ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಾನು ಬಹಳ ದಿನ ಯೋಚಿಸಿದ್ದೇನೆ. ಬ್ಯಾಟರಿಗೆ ಇರುವ ವೋಲ್ಟೇಜ್ ಎರಡು: ಒಂದು ಅದರ ಹೆಸರಿನದು, ಇನ್ನೊಂದು ಆ ಗಳಿಗೆಯದು. ಲಿಥಿಯಂ ಸೆಲ್ಲಿನ ಹೆಸರು 3.7, ಪೂರ್ತಿ ಚಾರ್ಜ್ ಆದಾಗ ಅದು 4.2. ಮೂರನ್ನು ಸಾಲಾಗಿ ಜೋಡಿಸಿದರೆ ಹೆಸರು 11.1, ತುಂಬಿದಾಗ 12.6. ಹನ್ನೆರಡು ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಯೂ ತುಂಬಿದಾಗ 12.6ರಿಂದ 12.8ರ ಸುಮಾರಿಗೆ ಇರುತ್ತದೆ. ನಿಯಮದ ಸಾಲು ಹೆಸರನ್ನು ಕುರಿತು ಹೇಳಿದ್ದರೆ ಎರಡೂ ಬ್ಯಾಟರಿಗಳು ಸರಿ. ಅಳತೆಯನ್ನು ಕುರಿತು ಹೇಳಿದ್ದರೆ ಎರಡೂ ತಪ್ಪು. ನಾನು ಒಂದಕ್ಕೆ ಅಳತೆಯನ್ನೂ ಇನ್ನೊಂದಕ್ಕೆ ಹೆಸರನ್ನೂ ಅನ್ವಯಿಸಿದ್ದೆ. ಎರಡನ್ನೂ ಪ್ರಾಮಾಣಿಕವಾಗಿಯೇ ಮಾಡಿದ್ದೆ. ಪ್ರಾಮಾಣಿಕವಾಗಿ ಮಾಡಿದ್ದರಿಂದಲೇ ಅದು ಇಷ್ಟು ಕಾಡುತ್ತದೆ ಎಂದು ತೋರುತ್ತದೆ. ಯಾರ ಮೇಲೂ ನನಗೆ ಪಕ್ಷಪಾತವಿರಲಿಲ್ಲ. ಮುದ್ರಿತ ಅಕ್ಷರದ ಮೇಲಿದ್ದ ನಂಬಿಕೆ, ಕೈಯಿಂದ ಟೇಪ್ ಸುತ್ತಿ ಕಟ್ಟಿದ ಸೆಲ್ಲುಗಳ ಮೇಲೆ ಇರಲಿಲ್ಲ, ಅಷ್ಟೆ. ಆದರೆ ಯಾವ ಮಕ್ಕಳು ಮುದ್ರಿತ ಅಕ್ಷರವಿರುವ ಬ್ಯಾಟರಿ ತರುತ್ತಾರೆ, ಯಾವ ಮಕ್ಕಳು ಟೇಪ್ ಸುತ್ತಿ ತರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ನಿಯಮ ಏತಕ್ಕೆ ಇತ್ತು ಎಂದು ಆ ದಿನ ನಾನು ಕೇಳಿಕೊಳ್ಳಲಿಲ್ಲ. ಶಕ್ತಿಯಲ್ಲಿ ಸಮಾನತೆ ಇರಲಿ ಎಂಬ ಉದ್ದೇಶವಿದ್ದರೆ, 0.4 ವೋಲ್ಟ್ ಎಂದರೆ ಹನ್ನೆರಡರಲ್ಲಿ ಶೇಕಡ ಮೂರಕ್ಕಿಂತ ತುಸು ಹೆಚ್ಚು. ಎಲ್298ಎನ್ ಡ್ರೈವರ್ ತಾನೇ ಎರಡು ವೋಲ್ಟಿನಷ್ಟನ್ನು ನುಂಗಿಹಾಕುತ್ತದೆ. ಗೆರೆ ಹಿಡಿದು ಓಡುವ ಆಟದಲ್ಲಿ ಗೆಲ್ಲಿಸುವುದು ಬ್ಯಾಟರಿಗಿಂತ ಹೆಚ್ಚಾಗಿ ಸೆನ್ಸರಿನ ಹೊಂದಿಕೆ ಮತ್ತು ಪ್ರೋಗ್ರಾಮು. ಸುರಕ್ಷತೆಯ ಉದ್ದೇಶವಿದ್ದರೆ, ಹನ್ನೆರಡಾದರೂ ಹನ್ನೆರಡೂವರೆಯಾದರೂ ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ. ಅಪಾಯವಿರುವುದು ತಂತಿಗಳು ಒಂದಕ್ಕೊಂದು ಕೂಡಿದಾಗ ಹರಿಯುವ ಕರೆಂಟಿನಲ್ಲಿ. ಹಾಗಿದ್ದರೆ ನಾನು ನೋಡಬೇಕಾಗಿದ್ದದ್ದು ಫ್ಯೂಸ್ ಇದೆಯೇ, ಬೆಸುಗೆ ಗಟ್ಟಿಯಾಗಿದೆಯೇ, ಟೇಪಿನ ಕೆಳಗೆ ತಂತಿ ಬರಿದಾಗಿದೆಯೇ ಎಂಬುದನ್ನು. ಫ್ಯೂಸಿನ ಬಗ್ಗೆ ನಾಲ್ಕು ಪುಟಗಳಲ್ಲಿ ಒಂದು ಮಾತೂ ಇರಲಿಲ್ಲ, ನಾನೂ ಕೇಳಲಿಲ್ಲ.

ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಅಮೆರಿಕದಲ್ಲಿ ಕಟ್ಟಿದ ಫಸ್ಟ್ ಎಂಬ ಹೆಸರಿನ ಸಂಸ್ಥೆ 1992ರಿಂದ ಪ್ರೌಢಶಾಲೆಯ ಮಕ್ಕಳಿಗಾಗಿ ದೊಡ್ಡ ರೋಬೋಟ್‌ಗಳ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ಅದರ ನಿಯಮಾವಳಿಯನ್ನು ಆಮೇಲೆ ಓದಿದಾಗ ಬ್ಯಾಟರಿಯ ಕಲಮಿನ ಮೇಲೆಯೇ ಮೊದಲು ಕಣ್ಣು ಹೋಯಿತು. ಅಲ್ಲಿ ಒಂದೇ ಒಂದು ಲೆಡ್ ಆ್ಯಸಿಡ್ ಬ್ಯಾಟರಿ, ನಾಮಿನಲ್ ವೋಲ್ಟೇಜ್ 12, ಸಾಮರ್ಥ್ಯ 17ರಿಂದ 18.2 ಆಂಪಿಯರ್ ಅವರ್ ಎಂದಿದೆ. ನಾಮಿನಲ್ ಎಂಬ ಒಂದು ಪದ ನಮ್ಮ ಕಾಗದದಲ್ಲಿ ಇದ್ದಿದ್ದರೆ ಆ ಮೂವರು ಮಕ್ಕಳು ಮೂಲೆಯಲ್ಲಿ ಕುಳಿತು ಚಕ್ರ ತಿರುಗಿಸಬೇಕಾಗಿರಲಿಲ್ಲ. ಕನ್ನಡದಲ್ಲಿ ಅದನ್ನು 'ಹೆಸರಿಗೆ ಹನ್ನೆರಡು' ಎಂದೇ ಹೇಳಬೇಕು. ನಮ್ಮ ಮಾತಿನಲ್ಲಿ 'ಹೆಸರಿಗೆ' ಎಂದರೆ ನಿಜದಲ್ಲಿ ಹಾಗಿಲ್ಲ ಎಂಬ ಧ್ವನಿ ಬರುತ್ತದೆ. ಇಲ್ಲಿ ಆ ಧ್ವನಿಯೂ ತಪ್ಪಲ್ಲ.

ಮುಟ್ಟಿದ್ದೋ ತಾಗಿದ್ದೋ

ಮರುವರ್ಷ ನನ್ನನ್ನು ಪರಿಶೀಲನೆಯ ಮೇಜಿನಿಂದ ಅಂಕಣದ ಪಕ್ಕಕ್ಕೆ ಹಾಕಿದರು. ಓಟ ನಡೆಯುವಾಗ ತಂಡದವರು ರೋಬೋಟನ್ನು ಮುಟ್ಟಿದರೆ ಪ್ರತಿ ಸಲಕ್ಕೆ ಹತ್ತು ಅಂಕ ಕಡಿತ ಎಂಬ ನಿಯಮವಿತ್ತು. ಕೇಳಿದರೆ ಇಷ್ಟು ಸ್ಪಷ್ಟವಾದ ನಿಯಮ ಇನ್ನೊಂದಿಲ್ಲ ಅನಿಸುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಫ್ಲೆಕ್ಸಿನ ಅಂಚಿಗೆ ನಿಂತು ತನ್ನ ತಂಡದ ರೋಬೋಟನ್ನೇ ನೋಡುತ್ತಿದ್ದಳು. ನಿಲ್ಲಲು ಅನುಮತಿ ಇದ್ದ ಜಾಗವೇ ಅದು. ಕಿಟಕಿಯ ಬಿಸಿಲು ಫ್ಲೆಕ್ಸಿನ ಮೇಲೆ ಬಿದ್ದು ಹೊಳೆಯುವ ಒಂದು ತಿರುವಿತ್ತು. ಅಲ್ಲಿ ಸೆನ್ಸರಿಗೆ ಕಪ್ಪು ಯಾವುದು, ಬಿಳಿ ಯಾವುದು ಎಂದು ತಿಳಿಯದೆ ರೋಬೋಟ್ ಗೆರೆ ಬಿಟ್ಟು ನೇರವಾಗಿ ಅವಳ ಕಡೆ ಬಂತು, ಬರಿಗಾಲಿನ ಹೆಬ್ಬೆರಳಿಗೆ ಗುದ್ದಿತು, ಗುದ್ದಿದ ಹೊಡೆತಕ್ಕೆ ಮೂತಿ ತಿರುಗಿಸಿಕೊಂಡು ಮತ್ತೆ ಗೆರೆಯನ್ನು ಹಿಡಿಯಿತು. ಅವಳು ಕದಲಿರಲಿಲ್ಲ. ಕದಲಿದ್ದರೆ ರೋಬೋಟ್ ಅಂಕಣದಿಂದ ಹೊರಗೆ ಹೋಗುತ್ತಿತ್ತು. ನಾನು ಸೀಟಿ ಊದಿ ನಿಲ್ಲಿಸಿದೆ.

"ನಾನು ಮುಟ್ಲಿಲ್ಲ ಸರ್. ಅದೇ ಬಂದು ತಾಗ್ತು," ಎಂದಳು.

ಇಂಗ್ಲಿಷ್ ಕಾಗದದಲ್ಲಿ ಟಚ್ ಎಂಬ ಒಂದೇ ಪದವಿತ್ತು. ಆ ಹುಡುಗಿಯ ಕನ್ನಡದಲ್ಲಿ ಎರಡಿದ್ದವು, ಮತ್ತು ಅವಳು ಆ ಎರಡರ ನಡುವೆ ಇಟ್ಟ ಗೆರೆ ಕಾನೂನು ಓದಿದವರು ಇಡುವ ಗೆರೆಯೇ ಆಗಿತ್ತು. ಮುಟ್ಟುವುದಕ್ಕೆ ಸಾಮಾನ್ಯವಾಗಿ ಮುಟ್ಟುವವರು ಬೇಕು. ತಾಗುವುದು ಯಾರೂ ಬಯಸದೆಯೂ ಆಗುತ್ತದೆ. ಕಲ್ಲು ಕಾಲಿಗೆ ತಾಗಿತು ಎನ್ನುತ್ತೇವೆಯೇ ಹೊರತು ಕಲ್ಲನ್ನು ಕಾಲು ಮುಟ್ಟಿತು ಎನ್ನುವುದಿಲ್ಲ. ನಿಯಮವನ್ನು ಬರೆದವರ ಮನಸ್ಸಿನಲ್ಲಿದ್ದದ್ದು, ಗೆರೆ ಬಿಡುತ್ತಿರುವ ರೋಬೋಟನ್ನು ಕೈಹಾಕಿ ಸರಿಪಡಿಸುವವರಿಗೆ ದಂಡ ಹಾಕಬೇಕು ಎಂಬುದೇ ಇರಬೇಕು. ಹಾಗೆ ನೋಡಿದರೆ ಅವಳ ಮಾತು ಸರಿ.

ಎದುರು ತಂಡದ ಮೇಷ್ಟ್ರು ಅಷ್ಟಕ್ಕೆ ಒಪ್ಪಲಿಲ್ಲ. ಅವರು ಜಗಳ ಕಾಯಲು ಬಂದವರಲ್ಲ, ಶಾಂತವಾಗಿಯೇ ಕೇಳಿದರು: ಮುಟ್ಟಲಿ ತಾಗಲಿ, ಆ ಕಾಲು ಅಲ್ಲಿರದಿದ್ದರೆ ಓಟ ಮುಗಿಯುತ್ತಿತ್ತಲ್ಲ, ಸಿಕ್ಕಿದ ಲಾಭ ಲಾಭವೇ ಅಲ್ಲವೇ? ಅದೂ ಸರಿ. ನಾನು ಎರಡು ನಿಮಿಷ ಯೋಚಿಸಿ, ಅಂಕ ಕಡಿತವಿಲ್ಲ, ಆದರೆ ರೋಬೋಟ್ ಗೆರೆ ಬಿಟ್ಟ ಜಾಗದಿಂದಲೇ ಮತ್ತೆ ಶುರುಮಾಡಬೇಕು, ಗಡಿಯಾರ ನಿಲ್ಲುವುದಿಲ್ಲ ಎಂದೆ. ಮೇಷ್ಟ್ರು ನಿಯಮದ ಹಾಳೆಯನ್ನು ಮುಂದೆ ಹಿಡಿದು, "ಇದು ಇದರಲ್ಲಿ ಎಲ್ಲಿದೆ, ತೋರಿಸಿ," ಎಂದರು. ಎಲ್ಲಿಯೂ ಇರಲಿಲ್ಲ. ದಂಡವನ್ನೂ ಲಾಭವನ್ನೂ ಎರಡನ್ನೂ ತೆಗೆದುಹಾಕುವ ಆ ತೀರ್ಪು ನಿಯಮದ ಉದ್ದೇಶಕ್ಕೆ ಹತ್ತಿರವಾಗಿತ್ತು ಎಂದು ಈಗಲೂ ನಂಬಿದ್ದೇನೆ. ಆದರೆ ಅದು ಆಟದ ನಡುವೆ, ಒಂದು ತಂಡದ ಸಲುವಾಗಿ, ನನ್ನೊಬ್ಬನ ತಲೆಯಲ್ಲಿ ಹುಟ್ಟಿದ ನಿಯಮವಾಗಿತ್ತು ಎಂಬುದನ್ನೂ ಅಲ್ಲಗಳೆಯಲಾರೆ. ಮುಂದಿನ ಓಟಕ್ಕೆ ಮೊದಲು ನಾನು ಅದನ್ನು ಸಭಾಂಗಣದ ಕರಿಹಲಗೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ನನಗೆ ಪೂರ್ತಿ ಸಮಾಧಾನ ಕೊಟ್ಟದ್ದು ಅದೊಂದೇ.

ಚಿಕ್ಕ ಮಕ್ಕಳಿಗಾಗಿ ನಡೆಯುವ ಫಸ್ಟ್ ಲೆಗೊ ಲೀಗ್‌ನ ಕೆಲವು ವರ್ಷಗಳ ನಿಯಮಗಳಲ್ಲಿ ಇಂಥ ಸಂದರ್ಭಗಳಿಗೆಂದೇ ಒಂದು ನಡೆಯನ್ನು ಹಾಕಿಕೊಟ್ಟಿದ್ದರು. ಬರೆದ ಮಾತಿಗೆ ಅದು ನೇರವಾಗಿ ಹೇಳುವಷ್ಟೇ ಅರ್ಥ, ಅದಕ್ಕಿಂತ ಹೆಚ್ಚಿಲ್ಲ. ಬರೆದಿಲ್ಲದ ವಿವರ ಲೆಕ್ಕಕ್ಕಿಲ್ಲ. ಪದಕ್ಕೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿಲ್ಲದಿದ್ದರೆ ಜನ ಆಡುಮಾತಿನಲ್ಲಿ ಬಳಸುವ ಅರ್ಥವನ್ನೇ ಹಿಡಿಯಬೇಕು. ಇಷ್ಟಾದ ಮೇಲೂ ತೀರ್ಮಾನ ಕಷ್ಟವಾದರೆ, ಯಾವ ಕಡೆಗೂ ಗಟ್ಟಿಯಾದ ಆಧಾರ ಸಿಗದಿದ್ದರೆ, ಸಂಶಯದ ಲಾಭ ತಂಡಕ್ಕೆ ಸಲ್ಲಬೇಕು. ಹಾಗೆಂದು ಅದನ್ನೇ ಯಾರೂ ತಂತ್ರವಾಗಿ ಮಾಡಿಕೊಳ್ಳಬಾರದು. ಆಡುಮಾತಿನ ಅರ್ಥ ಎಂಬ ಕಡೆ ನಾನು ಪ್ರತಿಸಲವೂ ನಿಲ್ಲುತ್ತೇನೆ. ಯಾರ ಆಡುಮಾತು? ಅದೇ ನಿಯಮಾವಳಿಯ ಪ್ರಕಾರ ಒಂದು ಜಾಗವನ್ನು ಸುತ್ತುವರಿದ ಗೆರೆ ಆ ಜಾಗದ್ದೇ ಭಾಗ. ಗೆರೆಯ ಮೇಲೆ ಬಿದ್ದದ್ದು ಒಳಗೆ ಬಿದ್ದಂತೆ. ಕುಂಟೆಬಿಲ್ಲೆ ಆಡಿ ಬೆಳೆದ ನಮ್ಮ ಮಕ್ಕಳಿಗೆ ಬಿಲ್ಲೆ ಗೆರೆಯ ಮೇಲೆ ಬಿದ್ದರೆ ಔಟು. ಕ್ರಿಕೆಟ್ಟಿನಲ್ಲೂ ಬ್ಯಾಟು ಗೆರೆಯ ಮೇಲಿದ್ದರೆ ರನ್ ಔಟು. ಒಳಗೆ ಇಡಬೇಕು ಎಂಬ ಒಂದು ಪದವನ್ನು ಓದಿದ ಹಳ್ಳಿಯ ಹುಡುಗ ಗೆರೆಯಿಂದ ಎರಡು ಬೆರಳು ದೂರಕ್ಕೆ ಗುರಿಯಿಟ್ಟು ಪ್ರೋಗ್ರಾಮು ಬರೆಯುತ್ತಾನೆ. ಗೆರೆಯೂ ಒಳಗೇ ಎಂದು ತರಬೇತುದಾರರಿಂದ ತಿಳಿದ ಮಕ್ಕಳು ಆ ಎರಡು ಬೆರಳನ್ನು ಲಾಭವಾಗಿ ಪಡೆಯುತ್ತಾರೆ.

ಯಾರನ್ನು ಕೇಳಿದರು, ಯಾರಿಗೆ ತಿಳಿಯಿತು

ನನ್ನನ್ನು ಹೆಚ್ಚು ಕಾಡುವುದು ಇಲ್ಲಿಂದ ಮುಂದಿನ ಸಂಗತಿ. ಸಂಪೂರ್ಣ ಸ್ಪಷ್ಟವಾದ ನಿಯಮಾವಳಿಯನ್ನು ಯಾರೂ ಬರೆಯಲಾರರು. ಮಕ್ಕಳು ಕಟ್ಟುವ ಯಂತ್ರ ಹೇಗಿರುತ್ತದೆ ಎಂದು ಮೊದಲೇ ಊಹಿಸಲು ಆಗುವುದಿಲ್ಲ, ಆಗಬಾರದು ಕೂಡ. ಹಾಗಾಗಿ ಸಂಶಯ ಬಂದೇ ಬರುತ್ತದೆ, ಯಾರೋ ಒಬ್ಬರು ಅದನ್ನು ಕೇಳುತ್ತಾರೆ, ಸಂಘಟಕರು ಉತ್ತರ ಹೇಳುತ್ತಾರೆ. ಆ ಉತ್ತರ ಎಲ್ಲಿಗೆ ಹೋಗುತ್ತದೆ? ಫಸ್ಟ್‌ನ ದೊಡ್ಡ ಸ್ಪರ್ಧೆಯಲ್ಲಿ ಜನವರಿಯಲ್ಲಿ ಆಟ ಪ್ರಕಟವಾದ ಮೇಲೆ ರೋಬೋಟ್ ಕಟ್ಟುವ ವಾರಗಳಲ್ಲಿ ಮಂಗಳವಾರ, ಶುಕ್ರವಾರ ಎಂದು ತಿದ್ದುಪಡಿಗಳನ್ನು ಹೊರಡಿಸುವ ರೂಢಿಯಿದೆ. ಯಾವ ತಂಡ ಏನು ಕೇಳಿದರೂ ಪ್ರಶ್ನೆ ಮತ್ತು ಉತ್ತರ ಎಲ್ಲರಿಗೂ ಕಾಣುತ್ತದೆ. ಪಂದ್ಯದ ದಿನ ಮುಖ್ಯ ನಿರ್ಣಾಯಕರ ತೀರ್ಪನ್ನು ಪ್ರಶ್ನಿಸಬೇಕಾದರೆ ಅಂಕಣದ ಪಕ್ಕದಲ್ಲಿ ಗುರುತುಮಾಡಿದ ಜಾಗಕ್ಕೆ ತಂಡದ ಒಬ್ಬ ವಿದ್ಯಾರ್ಥಿ ಮಾತ್ರ ಬರಬೇಕು. ತಂದೆ ತಾಯಿ, ತರಬೇತುದಾರರು ಬರುವಂತಿಲ್ಲ.

ನಮ್ಮ ಕಡೆಯ ಸಣ್ಣ ಸ್ಪರ್ಧೆಗಳಲ್ಲಿ ಪ್ರಶ್ನೆ ಫೋನಿನಲ್ಲಿ ಬರುತ್ತದೆ. ಸಂಘಟಕರ ನಂಬರ್ ಇರುವ ತರಬೇತುದಾರರು ರಾತ್ರಿ ಎಂಟಕ್ಕೆ ಕರೆಮಾಡಿ, ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ, ಮಾಡಬಹುದು ಎಂಬ ಉತ್ತರ ಸಿಗುತ್ತದೆ. ಕೇಳಿದವರದೂ ತಪ್ಪಲ್ಲ, ಹೇಳಿದವರದೂ ತಪ್ಪಲ್ಲ. ಆದರೆ ಮರುದಿನದಿಂದ ಒಂದೇ ಸ್ಪರ್ಧೆಗೆ ಎರಡು ನಿಯಮಾವಳಿಗಳು. ನಾನೇ ಅಂಥ ಕರೆಗಳಿಗೆ ಉತ್ತರಿಸಿದ್ದೇನೆ. ಒಳ್ಳೆಯತನದಿಂದಲೇ, ಸಹಾಯ ಮಾಡುತ್ತಿದ್ದೇನೆ ಎಂದುಕೊಂಡೇ. ಅಟಲ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾದಾಗಿನಿಂದ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಬರುತ್ತಿದೆ. ಅದರಿಂದ ಸೋಲ್ಡರಿಂಗ್ ಕಡ್ಡಿ, ತ್ರೀಡಿ ಪ್ರಿಂಟರ್, ಸೆನ್ಸರುಗಳು ಹಳ್ಳಿಯ ಮಕ್ಕಳ ಕೈಗೆ ಬಂದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಯಾರಿಗೆ ಫೋನ್ ಮಾಡಬೇಕು ಎಂಬುದು ಆ ಅನುದಾನದಲ್ಲಿ ಬರುವುದಿಲ್ಲ. ಆ ಮಕ್ಕಳು ಕಾಗದದಲ್ಲಿದ್ದಷ್ಟನ್ನು ಮಾತ್ರ ನಂಬಿಕೊಂಡು, ಇಂಗ್ಲಿಷನ್ನು ನಿಘಂಟು ಹಿಡಿದು ಬಿಡಿಸಿಕೊಂಡು ಬರುತ್ತಾರೆ. ಅಂಥವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ ಮಾಡುವುದಕ್ಕೆ ಕೆಟ್ಟ ಮನಸ್ಸೇ ಬೇಕಾಗಿಲ್ಲ, ಖಾಸಗಿಯಾಗಿ ಕೊಟ್ಟ ಒಂದು ಒಳ್ಳೆಯ ಉತ್ತರ ಸಾಕು. ತಪ್ಪಾದ ಉತ್ತರವನ್ನು ಎಲ್ಲರ ಮುಂದೆ ಹೇಳಿದರೆ ತಿದ್ದಿಕೊಳ್ಳಬಹುದು. ಸರಿಯಾದ ಉತ್ತರವನ್ನು ಒಬ್ಬರ ಕಿವಿಯಲ್ಲಿ ಹೇಳಿದರೆ ತಿದ್ದಲು ಏನೂ ಉಳಿಯುವುದಿಲ್ಲ.

ಈ ಮಾತಿಗೆ ಲಗೋರಿಯ ನೆನಪು ಬಾರದೆ ಇರದು. ಏಷ್ಯಾ ಪೆಸಿಫಿಕ್ ದೇಶಗಳ ಕಾಲೇಜು ವಿದ್ಯಾರ್ಥಿಗಳಿಗಾಗಿ 2002ರಿಂದ ನಡೆಯುತ್ತಿರುವ ಎಬಿಯು ರೋಬೋಕಾನ್ ಎಂಬ ರೋಬೋಟ್ ಸ್ಪರ್ಧೆ 2022ರಲ್ಲಿ ನಮ್ಮ ದೇಶದ ಆತಿಥ್ಯದಲ್ಲಿ ನಡೆದಾಗ ಆಟದ ವಿಷಯವಾಗಿ ಲಗೋರಿಯನ್ನೇ ಆರಿಸಿದ್ದರು. ನಮ್ಮ ಏಳು ಕಲ್ಲುಗಳು ಅಲ್ಲಿ ಐದು ಬಿಲ್ಲೆಗಳಾದವು. ಒಂದು ರೋಬೋಟ್ ಚೆಂಡೆಸೆದು ಬೀಳಿಸಬೇಕು, ಇನ್ನೊಂದು ಮತ್ತೆ ಪೇರಿಸಬೇಕು, ಎದುರಾಳಿ ರೋಬೋಟ್ ಚೆಂಡಿನಿಂದ ತಡೆಯಬೇಕು. ಬೀದಿಯಲ್ಲಿ ಯಾರೂ ಬರೆದಿಡದ ಆಟಕ್ಕೆ ಅಳತೆ, ಸೆಕೆಂಡು, ಅಂಕಗಳ ಸಮೇತ ನಿಯಮಾವಳಿ ಬಂತು, ಅದರ ಹಿಂದೆಯೇ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಗಳೂ ಬಂದವು. ನಾವು ಚಿಕ್ಕವರಿದ್ದಾಗ ಒಂದೊಂದು ಬೀದಿಯ ಲಗೋರಿಗೂ ಬೇರೆ ಬೇರೆ ನಿಯಮ. ಚೆಂಡು ಚರಂಡಿಗೆ ಬಿದ್ದರೆ ಏನು, ಗುಂಪಿನ ಮೇಲೆ ಕೊನೆಯ ಕಲ್ಲು ಓರೆಯಾಗಿ ನಿಂತರೆ ಅದು ಲಗೋರಿಯೇ ಅಲ್ಲವೇ ಎಂಬುದನ್ನೆಲ್ಲ ಮೊದಲ ಚೆಂಡು ಎಸೆಯುವ ಮುಂಚೆ ಕಲ್ಲಿನ ಸುತ್ತ ನಿಂತು ಮಾತಾಡಿಕೊಳ್ಳುತ್ತಿದ್ದೆವು. ಆಡುವವರೆಲ್ಲರೂ ಅಲ್ಲಿರುತ್ತಿದ್ದರು. ಅಲ್ಲಿರದವರು ಆಡುತ್ತಿರಲಿಲ್ಲ.

ಕಳೆದ ಸಲ ನಮ್ಮ ಕಡೆಯ ಸ್ಪರ್ಧೆಗೆ ನಿಯಮಾವಳಿ ಬರೆಯುವ ಕೆಲಸ ನನಗೇ ಬಂತು. ಕನ್ನಡದಲ್ಲಿ ಬರೆದೆ, ಇಂಗ್ಲಿಷಿಗೆ ಆಮೇಲೆ ತಂದೆವು. ಸ್ಪರ್ಧೆಗೆ ಮೂರು ವಾರ ಮೊದಲು ತಂಡಕ್ಕೊಬ್ಬರಂತೆ ಮಕ್ಕಳನ್ನೇ ಕರೆದು, ಇಡೀ ಕಾಗದವನ್ನು ಗಟ್ಟಿಯಾಗಿ ಓದಿ, ಎದ್ದ ಪ್ರಶ್ನೆಗಳನ್ನು ಉತ್ತರದ ಸಮೇತ ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸುವುದು, ಅದರ ಫೋಟೋವನ್ನು ಎಲ್ಲ ಶಾಲೆಗಳಿಗೂ ಕಳಿಸುವುದು ಎಂದು ಮಾಡಿಕೊಂಡೆವು. ಬ್ಯಾಟರಿಯ ಕಲಮಿಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕುಳಿತಿದ್ದೆ: ಬ್ಯಾಟರಿಯ ಮೇಲೆ ಮುದ್ರಿಸಿರುವ ವೋಲ್ಟೇಜ್ 12 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಪರಿಶೀಲನೆಯ ಮೇಜಿನಲ್ಲಿ ಅಳೆದಾಗ 13 ಮೀರಬಾರದು, ಫ್ಯೂಸ್ ಕಡ್ಡಾಯ. ಇನ್ನು ಇದರಲ್ಲಿ ಸಂಶಯಕ್ಕೆ ಜಾಗವಿಲ್ಲ ಎಂದುಕೊಂಡಿದ್ದೆ.

ಓದಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೈಯೆತ್ತಿದಳು. ಅವರ ಸೆಲ್ಲುಗಳು ಹಾಳಾದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬಿಚ್ಚಿ ತೆಗೆದವು, ಮೇಲಿನ ಬಣ್ಣದ ಹಾಳೆ ಹರಿದುಹೋಗಿದೆ, ಏನೂ ಮುದ್ರಿಸಿಲ್ಲ. "ಹಂಗಾದ್ರೆ ನಮ್ದು ಲೆಕ್ಕಕ್ಕೆ ಬರುತ್ತಾ ಸರ್?" ಎಂದಳು. ನಾನು ಮುದ್ರಿಸಿರದಿದ್ದರೆ ಏನು ಎಂದು ಇನ್ನೊಂದು ಸಾಲು ಸೇರಿಸಲು ಪೆನ್ನು ತೆಗೆದೆ. ಅವಳು ಕೂರಲಿಲ್ಲ. "ಸಾಲಾಗಿ ಮೂರು ಸೆಲ್ ಅಂತ ಬರೆದ್ರೆ ಸಾಕಲ್ವಾ ಸರ್? ಎಣಿಸಿದ್ರೆ ಗೊತ್ತಾಗುತ್ತೆ."

ಉಳಿದ ತಂಡಗಳ ಮಕ್ಕಳನ್ನು ಕೇಳಿದೆ. ಯಾರಿಗೂ ಅಡ್ಡಿ ಇರಲಿಲ್ಲ. ಲಿಥಿಯಂ ಆದರೆ ಸಾಲಾಗಿ ಮೂರು ಸೆಲ್, ಲೆಡ್ ಆ್ಯಸಿಡ್ ಆದರೆ ಆರು, ಎರಡಕ್ಕೂ ಫ್ಯೂಸ್ ಎಂದು ಚಾರ್ಟಿನಲ್ಲಿ ಬರೆದೆವು. ನನ್ನ ಕಲಮನ್ನು ಹೊಡೆದುಹಾಕಿದೆ, ಆ ವರ್ಷ ಪರಿಶೀಲನೆಯ ಮೇಜಿನ ಮೇಲೆ ವೋಲ್ಟೇಜ್ ಅಳೆಯಲು ಮೀಟರ್ ಇಡಲಿಲ್ಲ.